ಹಾಸಿಗೆಯೊಳಗೆ ಇಟ್ಟ ಗಂಟು

ಅಂಗಡಿ ಬೀದಿಯಲ್ಲಿ ಬಾಂಬು ಸಿಡಿದ ದಿನ ಇಬ್ಬರು ಸತ್ತರು. ಹಾಸಿಗೆ ಹೊಲಿಯುವವನ ಬಲಗಿವಿ ಹೋಯಿತು. ಜೀವ ಉಳಿದದ್ದೇ ದೊಡ್ಡದು ಎಂದು ಎಲ್ಲರೂ ಸಮಾಧಾನ ಹೇಳಿದರೆ, ಅವನ ಹೆಂಡತಿ ಮಾತ್ರ, ಎರಡೂ ನೆಟ್ಟಗಿದ್ದಾಗಲೇ ನನ್ನ ಮಾತು ಕೇಳದವರಿಗೆ ಒಂದು ಹೋದರೆ ನಷ್ಟವೇನು ಎಂದಳು. ಹೇಳಿ, ಒಳಗೆ ಹೋಗಿ ಅತ್ತು, ಮುಖ ತೊಳೆದು ಬಂದಳು.

ಬಾಂಬು ಇಟ್ಟವನು ಸಿಕ್ಕಿಬಿದ್ದ. ದೂರದವನಲ್ಲ, ಹಿಂದಿನ ಬೀದಿಯ ಮುದುಕಿಯ ಮಗ. ಆ ಮುದುಕಿಗೆ ಯಾರೂ ಏನೂ ಮಾರಬಾರದು, ಯಾವ ಕೆಲಸವನ್ನೂ ಮಾಡಿಕೊಡಬಾರದು ಎಂದು ಹಿರಿಯರು ಸೇರಿ ತೀರ್ಮಾನಿಸಿದರು. ಅಷ್ಟರಲ್ಲಿ ಒಂದು ಎಡವಟ್ಟು ಆಗಿಹೋಗಿತ್ತು. ಬಾಂಬು ಸಿಡಿಯುವ ಹಿಂದಿನ ದಿನವೇ ನಮ್ಮ ಹಾಸಿಗೆಯವನು ಆ ಮುದುಕಿಯ ಹಾಸಿಗೆಯ ಹೊಟ್ಟೆ ಬಿಚ್ಚಿ, ಹತ್ತಿಯನ್ನೆಲ್ಲ ಅವಳ ನಡುಮನೆಯಲ್ಲಿ ಗುಡ್ಡೆ ಹಾಕಿ ಬಂದಿದ್ದ. ಅಂದಿನಿಂದ ಅವಳು ಬರಿ ನೆಲದ ಮೇಲೆ ಮಲಗುತ್ತಿದ್ದಳು.

ಮಲಗಲಿ ಬಿಡು ಎಂದರು ಹಿರಿಯರು. ಅವನಿಗೂ ಹಾಗೇ ಅನ್ನಿಸಿತು. ಆದರೆ ಬಿಚ್ಚಿದ ಹಾಸಿಗೆಯನ್ನು ಅರ್ಧಕ್ಕೆ ಬಿಟ್ಟವನೆಂಬ ಹೆಸರು ಅವನ ಅಪ್ಪನಿಗೂ ಬಂದಿರಲಿಲ್ಲ, ಅಜ್ಜನಿಗೂ ಬಂದಿರಲಿಲ್ಲ. ಅತ್ತ ಕೆಲಸವೂ ಮುಗಿಯಬೇಕು, ಇತ್ತ ಸೇಡೂ ತೀರಬೇಕು ಎಂದು ಒಂದು ಉಪಾಯ ಹೂಡಿದ. ಹರಕು ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಮುಷ್ಟಿಗಾತ್ರದ ಗಂಟು ಮಾಡಿ, ಸರಿಯಾಗಿ ಸೊಂಟ ಊರುವ ಜಾಗದಲ್ಲಿ ಹತ್ತಿಯ ನಡುವೆ ಸೇರಿಸಿಬಿಡುವುದು. ನೋಡಿದವರಿಗೆ ಕಾಣದು, ಮುದುಕಿಗೆ ಮಾತ್ರ ಸಾಯುವ ತನಕ ನಿದ್ದೆ ಹತ್ತದು. ತನ್ನ ಬೆನ್ನು ತಾನೇ ತಟ್ಟಿಕೊಂಡ. ದೊಡ್ಡ ದೊಡ್ಡ ದೊರೆಗಳು ಯುದ್ಧ ಹೂಡುವಾಗಲೂ ಇಷ್ಟೇ ಸಂಭ್ರಮ ಪಡುತ್ತಾರೋ ಏನೋ.

ಹೆಂಡತಿಗೆ ಹೇಳಿದ. ಬಾಂಬು ಇಟ್ಟವಳು ಆ ಮುದುಕಿಯಲ್ಲವಲ್ಲ ಎಂದಳು ಅವಳು. ಹೆತ್ತವಳು ಅವಳೇ ತಾನೇ ಎಂದ ಇವನು.

"ಹಂಗಾದ್ರೆ ನಿಮ್ಮ ತಪ್ಪಿಗೆಲ್ಲ ನಮ್ಮತ್ತೆ ಹಾಸಿಗೇಲಿ ಒಂದೊಂದು ಗಂಟು ಇಡ್ಲಾ?" ಎಂದಳು ಹೆಂಡತಿ. "ಹತ್ತಿಗೇ ಜಾಗ ಇರಲ್ಲ."

ಅವನು ಕೇಳಿಸದವನಂತೆ ಹೊರಟ.

ಬೆಳಗಿನಿಂದ ಕೂತು ಹತ್ತಿ ಹಿಂಜಿ, ತುಂಬಿ, ಗಂಟನ್ನೂ ಸೇರಿಸಿ, ದಬ್ಬಣದಲ್ಲಿ ಹೊಲಿದು ಮುಗಿಸಿದ. ಮುದುಕಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಇನ್ನು ಹೊರಡುವುದಷ್ಟೇ. ಆದರೆ ಹೊಲಿದವನೇ ಮೊದಲು ಮಲಗಿ ನೋಡಿ, ಸರಿಯಿದೆ ಎಂದು ಬಾಯಿಬಿಟ್ಟು ಹೇಳಿಯೇ ಹಾಸಿಗೆ ಒಪ್ಪಿಸುವುದು ಆ ಕಸುಬಿನವರ ರೂಢಿ. ಸೇಡಿನ ಗಡಿಬಿಡಿಯಲ್ಲಿ ಅದು ಅವನ ತಲೆಗೇ ಬಂದಿರಲಿಲ್ಲ. ಎಂದಿನಂತೆ ಉರುಳಿಕೊಂಡ. ಗಂಟು ಸೊಂಟಕ್ಕೆ ನೆಟ್ಟಿತು. ಕೈಕೆಲಸ ಅಚ್ಚುಕಟ್ಟು, ಒಂದು ಬೆರಳಿನಷ್ಟೂ ಆಚೀಚೆ ಆಗಿರಲಿಲ್ಲ.

"ಹೇಗಿದೆಯಪ್ಪಾ?" ಮುದುಕಿ ಕೇಳಿದಳು.

ಸರಿಯಿದೆ ಎನ್ನಲು ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ. ಅತ್ತ ಹೊರಳಿದ, ಇತ್ತ ಹೊರಳಿದ. ಕೊನೆಗೆ ಎದ್ದು ಕೂತು, ತಾನು ಹಾಕಿದ ಹೊಲಿಗೆಯನ್ನು ತಾನೇ ಕತ್ತರಿಸತೊಡಗಿದ.

"ನಿಮ್ಮ ಮಗನ ಮೇಲಿನ ಸಿಟ್ಟು ನಂಗೆ ಹೋಗಿಲ್ಲ," ಎಂದ, ತಲೆ ಎತ್ತದೆ.

"ನಂಗೂ ಹೋಗಿಲ್ಲಪ್ಪ," ಎಂದಳು ಮುದುಕಿ.

ಅವನು ಗಂಟನ್ನು ಹೊರಗೆಳೆದು ಬದಿಗಿಟ್ಟ. ಅವಳು ಎದ್ದು ಬಂದು, ಹಾಸಿಗೆ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂತಳು.

"ನೀನು ಅದನ್ನ ಒಳಗೆ ಇಡೋವಾಗ್ಲೇ ನೋಡ್ದೆ," ಎಂದಳು. "ನಿನ್ನ ಸೇಡು ಇಷ್ಟಕ್ಕೇ ಮುಗಿಯುತ್ತಲ್ಲ ಅಂತ ಸುಮ್ನಿದ್ದೆ. ಹೊಲಿ, ಕತ್ತಲಾಗುತ್ತೆ."