ಬೂದಿಯ ಮೇಲಿನ ಕೌದಿ

ಮಾಧುರಿ ಏಣಿ ಹತ್ತಿ ದಾಳಿಂಬೆ ಗಿಡದ ನೆತ್ತಿಗೆ ಬೆಳಕು ಅಳೆಯುವ ಉಪಕರಣ ಹಿಡಿದಾಗ, ಕೆಳಗೆ ಏಣಿ ಹಿಡಿದಿದ್ದ ಮಲಕಪ್ಪ ತೋಟದ ಮೂಲೆಯತ್ತ ಹೊರಳಿ ನೋಡಿದ; ಏಣಿ ವಾಲಿತು.

"ಗಟ್ಟಿ ಹಿಡೀರಿ ಮಲಕಪ್ಪಣ್ಣಾ. ನನಗೇನು ಬೀಳೂ ಆಸೆ ಇಲ್ಲ."

"ಹಿಡದೀನ್ರೀ ಬಾಯಾರ."

ಅದು 2007ರ ಅಕ್ಟೋಬರ್. ಹಣ್ಣಿನ ತೋಟಗಳು ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತವೆಂದು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುವುದು ಪುಣೆಯ ಮಗರಪಟ್ಟಾದ ಆಫೀಸಿನಲ್ಲಿ ಮಾಧುರಿಯ ಕೆಲಸ. ಇಂದಾಪುರದ ಬಳಿಯ ಈ ತೋಟದ ಒಂದು ಮೂಲೆ ಚಿತ್ರದಲ್ಲಿ ಕಪ್ಪಗೆ ಕಂಡು, ಅವಳ ಲೆಕ್ಕಕ್ಕೆ ಹೊಂದಿರಲಿಲ್ಲ. ಉಪಗ್ರಹ ಈ ದಿನ ಹತ್ತೂವರೆಗೆ ಮತ್ತೆ ಹಾಯುವುದಿತ್ತು. ಅದೇ ಹೊತ್ತಿಗೆ ಇಲ್ಲಿಯೂ ಅಳೆಯಲು ಬಂದಿದ್ದಳು.

"ಬಹಾರ ಹಿಡದೀವ್ರಿ," ಎಂದ ಮಲಕಪ್ಪ, ಅವಳು ಕೇಳದಿದ್ದರೂ. "ನೀರು ನಿಲ್ಲಿಸಿ ಎಲಿ ಉದರಿಸೀವಿ. ಅಂದ್ರ ಹೂವ ಚಲೋ ಬರ್ತಾವ. ಅದಕ್ಕ ಬೋಳ ಕಾಣ್ತದ."

"ಬೋಳ ಗಿಡ ನಾ ಭಾಳ ನೋಡೀನಿ. ಆ ಮೂಲಿ ಬೋಳಲ್ಲ, ಕರ್ರಗ ಅದ."

ಮಲಕಪ್ಪ ತಲೆಯೆತ್ತಿ ಆಕಾಶ ನೋಡಿದ. "ಮ್ಯಾಲಿಂದ ರೋಗನೂ ಕಾಣ್ತದೇನ್ರಿ?"

ಮಾಧುರಿ ಏಣಿಯಿಂದ ಕೆಳಗೆ ನೋಡಿದಳು.

"ರೋಗ ಅಂತ ನಾ ಅಂದಿಲ್ಲಲ್ಲ."

ತೇಲ್ಯಾ ಬಂದಿತ್ತು. ಕಾಯಿಯ ಮೇಲೆ ಎಣ್ಣೆಯ ಕಲೆಯಂತೆ ಮೂಡಿ, ಮಳೆಹನಿಯಲ್ಲಿ, ಕೊಂಬೆ ಕಡಿಯುವ ಕತ್ತರಿಯ ಬಾಯಲ್ಲಿ ಗಿಡದಿಂದ ಗಿಡಕ್ಕೆ ಹೋಗುವ ರೋಗ. ಹೋದ ವರ್ಷ ಹತ್ತಿರದ ತೋಟದಲ್ಲಿ ಕಾಣಿಸಿಕೊಂಡಾಗ ಮಾಲೀಕ ಬುಡಸಮೇತ ಗಿಡ ಕೀಳಿಸಿದ್ದ; ಕಾಯುವವನ ಸಂಸಾರ ತಗಡಿನ ಶೆಡ್ ಬಿಟ್ಟು ಹೋಗಿತ್ತು. ಮಲಕಪ್ಪ, ಅವನ ಹೆಂಡತಿ ಭೀಮವ್ವ ಇಂಡಿ ಊರಿನಿಂದ ಈ ತೋಟ ಕಾಯಲು ಬಂದು ಇಂಥದೇ ಶೆಡ್ಡಿನಲ್ಲಿದ್ದರು. ರೋಗದ ಕೊಂಬೆಗಳನ್ನು ಕಡಿದು ಆ ಮೂಲೆಯಲ್ಲೇ ಸುಟ್ಟು, ತಮ್ಮ ಮಾಲೀಕನಿಗೆ ಹೇಳದೆ ಸುಮ್ಮನಾಗಿದ್ದರು.

ಮಾಧುರಿ ಇಳಿದು ಮೂಲೆಗೆ ನಡೆದಳು. ಭೀಮವ್ವ ಸುಟ್ಟು ಕರಿಯಾದ ನೆಲದ ಮೇಲೆ ಕೌದಿ ಹಾಸಿ, ನಾಲ್ಕೂ ತುದಿಗೆ ಕಲ್ಲಿಡುತ್ತಿದ್ದಳು.

"ಒಗದೀನ್ರೀ. ಒಣಗಬೇಕಲ್ಲ."

ಕೌದಿಯಲ್ಲಿ ಹನಿ ನೀರೂ ಇರಲಿಲ್ಲ. ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಇಪ್ಪತ್ತು ಮೀಟರಿಗೂ ಹೆಚ್ಚು; ಒಂದು ಕೌದಿಗೆ ಅದು ಮುಚ್ಚುವುದಿಲ್ಲ. ಮಾಧುರಿ ಅದನ್ನು ಹೇಳಲಿಲ್ಲ. ಮೆಲ್ಲಗೆ ಕೇಳಿದಳು:

"ಅಕ್ಕಾ, ಕಡದ ಕತ್ತರಿ ಎಲ್ಲದ?"

ಭೀಮವ್ವ ಗಂಡನ ಮುಖ ನೋಡಿದಳು.

"ಬಾಜೂ ತೋಟದ ಮಧುಕರ ಮುಂಜಾನೆ ಒಯ್ದಾನ್ರಿ," ಎಂದ ಮಲಕಪ್ಪ. "ಅವನೂ ಬಹಾರ ಹಿಡದಾನ."

"ತೊಳದು ಕೊಟ್ರೇನು?"

ಭೀಮವ್ವ ಇಲ್ಲವೆಂದು ತಲೆಯಾಡಿಸಿದಳು. ಬೇಲಿಯಾಚೆ ಕತ್ತರಿಯ ಸದ್ದು ಕೇಳಿಸುತ್ತಿತ್ತು: ಕಟ್, ಕಟ್. ಮಲಕಪ್ಪ ಬೇಲಿಯತ್ತ ಎರಡು ಹೆಜ್ಜೆ ಇಟ್ಟು, ತಿರುಗಿ ಶೆಡ್ಡನ್ನು ನೋಡಿದ. ಮತ್ತೆ ಕಟ್.

ಭೀಮವ್ವ ಬಗ್ಗಿ ಕೌದಿಯ ಒಂದು ತುದಿಯ ಕಲ್ಲು ತೆಗೆದಳು. ಆಮೇಲೆ ಇನ್ನೊಂದು. ಗಾಳಿಗೆ ಕೌದಿ ಮಗುಚಿಕೊಂಡಿತು. ಬಿಸಿಲಿಗೆ ಬೂದಿ ತೆರೆದುಕೊಂಡಿತು.