ಚೀಟಿಯ ಮೂಲೆಯ ಕೆಂಪು ಗೀಟು

ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳಿನಿಂದ ಆ ಸ್ಪಿರಿಟ್ ವಾಸನೆ ಹೋಗುತ್ತಿಲ್ಲ, ಸಿಸ್ಟರ್ ನಲ್ಲಿಯ ಕೆಳಗೆ ಕೈ ಹಿಡಿದೇ ನಿಂತಿದ್ದಾಳೆ — ಬೆಳಿಗ್ಗೆ ಹತ್ತಕ್ಕೆ ಆ ರೋಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದಾಗಲೂ ಮೊದಲು ಮೂಗಿಗೆ ಬಡಿದದ್ದು ಇದೇ, ನಾಲಿಗೆ ತೊದಲು, ಬಾಯಿ ಒಂದು ಕಡೆ ವಾಲಿತ್ತು, ಬೆಳಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಮಹಾರಾಯ ಅಂದುಕೊಂಡು ಚೀಟಿಯ ಮೂಲೆಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದಳು, ಅದರ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು, ಕುಡಿದವನು, ಇಳಿಯಲಿ, ಆಮೇಲೆ ನೋಡಿದರಾಯಿತು. ಅಕ್ಕಾ, ಇವರು ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು, ಇದು ಪಾಲಿಷಿಗೆ ಹಾಕೋ ಸ್ಪಿರಿಟ್ ವಾಸನೆ, ಬಾಗಿಲಿಗೆ ಪಾಲಿಷ್ ಹಚ್ತಾ ಹಚ್ತಾನೇ ಬಿದ್ಬಿಟ್ರು, ಅಂದಳು ಅವನ ಹೆಂಡತಿ, ಅನ್ನದೆ ಇರುತ್ತಾಳೆಯೇ, ಸಿಸ್ಟರಿನ ಅಮ್ಮನೂ ಹೀಗೇ ಅನ್ನುತ್ತಿದ್ದಳು ಪಕ್ಕದ ಮನೆಯವರಿಗೆ, ಜ್ವರ ಕಣಮ್ಮಾ, ಸುಸ್ತು ಕಣಮ್ಮಾ, ತೂರಾಡುವ ಅಪ್ಪನ ಹಿಂದೆ ಚಪ್ಪಲಿ ಹಿಡಿದುಕೊಂಡು ನಡೆಯುತ್ತಿದ್ದವಳು ಇವಳು, ಆಗ ಎಂಟು ವರ್ಷದವಳು, ಆ ಅವಮಾನ ಇನ್ನೂ ಹೊಟ್ಟೆಯೊಳಗೆ ಉರಿಯುತ್ತದೆ — ಆದರೆ ಮಹಡಿ ಮೇಲೆ ಸ್ಪೆಷಲ್ ರೂಮಿನ ಸಾಹುಕಾರರ ಮುಂದೆ ಆ ಉರಿ ಎಲ್ಲಿ ಹೋಗಿತ್ತು, ಕಣ್ಣು ಹಳದಿ, ಹೊಟ್ಟೆ ಉಬ್ಬಿದೆ, ದಿಂಬಿನ ಕೆಳಗೆ ಇನ್ನೂ ಬಾಟಲಿ, ಅವರ ಚೀಟಿಯಲ್ಲಿ ಇವಳದೇ ಮುದ್ದಾದ ಅಕ್ಷರ, ಅಜೀರ್ಣ, ಮನೆಯವರು ಬೇಜಾರು ಮಾಡ್ಕೋತಾರೆ ಸಿಸ್ಟರ್, ಹಾಗೇ ಬರೀರಿ, ಅಂದಿದ್ದರು ದೊಡ್ಡ ಡಾಕ್ಟರು, ಬರೆದಳು, ಕೆಂಪು ಪೆನ್ಸಿಲ್ ಜೇಬಿನಿಂದ ಹೊರಗೇ ಬರಲಿಲ್ಲ.

ಆ ಕೈ, ಅವನ ಬಲಗೈ, ಮಂಚದಿಂದ ಜೋತುಬಿದ್ದದ್ದನ್ನು ಎರಡು ಸಲ ಇವಳೇ ಎತ್ತಿ ಎದೆಯ ಮೇಲಿಟ್ಟಿದ್ದಳು, ಎರಡು ಸಲವೂ ಬೈದುಕೊಂಡು, ಎರಡು ಸಲವೂ ಜಾರಿತು, ಇಪ್ಪತ್ತು ವರ್ಷದ ಕೆಲಸ, ಕಂಡೂ ಕಾಣಲಿಲ್ಲ, ಪಾಪಿ — ಈಗ ಮೂರು ಗಂಟೆ, ಚಿಕ್ಕ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಕುಡಿದಿಲ್ಲ ಇವರು, ಲಕ್ವ ಹೊಡೆದಿದೆ, ಬಂದ ತಕ್ಷಣ ನೋಡಿದ್ದರೆ ಕೈ ಉಳೀತಿತ್ತೇನೋ, ಯಾರು ಹಾಕಿದ್ದು ಈ ಗೀಟು. ಆಯಾ ನೆಲ ನೋಡಿದಳು, ಇವಳು ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದಳು, ಡಾಕ್ಟರು ಫೋನ್ ಮಾಡಲು ಆಚೆ ಹೋದರು, ಚೀಟಿ ಇಲ್ಲೇ ಇದೆ, ಪೆನ್ಸಿಲ್ ತಾನೆ, ಒದ್ದೆ ಹೆಬ್ಬೆರಳಿನಿಂದ ಉಜ್ಜಿದರೆ ಹೋಗುತ್ತದೆ, ಹೇಳಿದರೆ ಕೆಲಸ ಹೋಗುತ್ತದೆ, ಅವನ ಕೆಲಸ ಹೋಯಿತಲ್ಲ, ಆ ಕೈಯಿಂದಲೇ ಮನೆ ನಡೆಯುತ್ತಿದ್ದದ್ದು, ಉಜ್ಜಲೇ, ಹೇಳಲೇ — ಅಕ್ಕಾ, ಹೆಂಡತಿ ಕರೆಯುತ್ತಿದ್ದಾಳೆ, ಬೆಳಿಗ್ಗೆಯಿಂದ ಇವರನ್ನ ಮುಟ್ಟಿ ನೋಡಿದೋರು ನೀವೊಬ್ರೇ, ಎರಡು ಸಲ ಬಂದು ಕೈ ಸರಿ ಮಾಡಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರಲಿ, ಅನ್ನುತ್ತಾ ತಾನೇ ಆ ಕೈ ಎತ್ತುತ್ತಾಳೆ, ಉಗುರಿನ ಸಂದಿಯಲ್ಲಿ ಕಂದು ಪಾಲಿಷ್, ಎದೆಯ ಮೇಲಿಡುತ್ತಾಳೆ, ಜಾರುತ್ತದೆ, ಎತ್ತಿ ಇಡುತ್ತಾಳೆ, ಜಾರುತ್ತದೆ, ಇಡುತ್ತಾಳೆ