ಬಾಳೆನಾರಿನ ಗಂಟು

ಉಳವಿಯ ಕೆಂಪಪ್ಪನ ಮನೆಯಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟುವುದು ಹೆಂಡತಿ ಹೂವಮ್ಮನ ಕೆಲಸ. ೧೯೫೮ರ ದೀಪಾವಳಿಗೆ ಮಾತ್ರ ಆ ಕೆಲಸ ಅವಳಿಗೆ ಬೇಡವಾಗಿತ್ತು. ಹಬ್ಬದ ಆಟದಲ್ಲಿ ಓಡುವ ಹೋರಿಯ ಸರ ಕಿತ್ತವನು ಗೆದ್ದ. ಕೀಳಗೊಡದೆ ಓಣಿ ದಾಟಿದರೆ ಹೋರಿ ಗೆದ್ದಂತೆ. ಮೂರು ವರ್ಷದಿಂದ ಕೆಂಪಪ್ಪನ ಹೋರಿಯೇ ಗೆದ್ದಿತ್ತು. ಈ ಸಲ ಅದಕ್ಕೆ ಎದುರು ನಿಂತವನು ಹೂವಮ್ಮನ ಒಡಹುಟ್ಟಿದ ತಮ್ಮ, ಹೊಸಬಾಳೆಯ ಗುತ್ಯಪ್ಪ.

“ಭಾವನ ಹೋರಿ ಸರ ಕೀಳದಿದ್ರೆ ಮೀಸೆ ಬೋಳಿಸ್ತೀನಿ” ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದ. ಬೋಳಿಸುವಷ್ಟು ಮೀಸೆ ಎಲ್ಲಿತ್ತೋ ಅವನೇ ಬಲ್ಲ!

ಹೂವಮ್ಮನಿಗೆ ನಗು ಬರಲಿಲ್ಲ. ಹೋದ ವರ್ಷ ಶಿಕಾರಿಪುರದ ಕಡೆ ದೊಡ್ಡಪ್ಪನ ಮಗ ಬೆನಕಪ್ಪ ಹೀಗೇ ಸರಕ್ಕೆ ಕೈ ಹಾಕಿದ್ದ. ಸರದ ಹುರಿ ಹರಿಯಲಿಲ್ಲ, ಅವನು ಬಿಡಲಿಲ್ಲ. ಈಗ ಒಂದು ಕಾಲು ಎಳೆಯುತ್ತ ನಡೆಯುತ್ತಾನೆ. ಗುತ್ಯಪ್ಪನದೂ ಅದೇ ಉಡದ ಪಟ್ಟು.

“ಬಿಗಿಯಾಗಿ ಕಟ್ಟೇ! ತಮ್ಮ ಅಂತ ಸಡಿಲ ಬಿಟ್ಟೀಯ!” ಕೆಂಪಪ್ಪ ಹೊರಗಿನಿಂದ ಕೂಗಿದ.

“ಕಟ್ತಾ ಇದೀನ್ರೀ.”

ಕಟ್ಟಬೇಕಿದ್ದ ಸೆಣಬಿನ ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸರದ ತುದಿಗಳನ್ನು ಒಣ ಬಾಳೆನಾರಿನಿಂದ ಗಂಟು ಹಾಕಿದಳು. ಗಂಟಿನ ಮೇಲೆ ಚೆಂಡುಹೂವು ಮುಚ್ಚಿದಳು.

ಹೋರಿ ನುಗ್ಗಿತು. ಗುತ್ಯಪ್ಪ ಹಾರಿ ಸರಕ್ಕೆ ಜೋತುಬಿದ್ದ. ನಾಲ್ಕು ಮಾರು ಎಳೆದುಕೊಂಡು ಹೋಯಿತು. ಬಾಗಿಲಲ್ಲಿ ನಿಂತಿದ್ದ ಹೂವಮ್ಮ ಹೊಸ್ತಿಲು ದಾಟಿ ಓಣಿಗಿಳಿದಳು. ಆಮೇಲೆ ನಾರು ಹರಿಯಿತು. ಹೋರಿ ಮುಂದೆ ಹೋಯಿತು, ಇವನು ಮಣ್ಣಲ್ಲಿ ಉರುಳಿ ಎದ್ದ, ಕೈಯಲ್ಲಿ ಸರ!

ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಬ್ಬಾ, ಆ ಮುಖದ ಹಿಗ್ಗೇ! ಎತ್ತಿ ಆಡಿಸಿದ ಅಕ್ಕನೂ ಅಂಥದ್ದನ್ನು ಕಂಡಿರಲಿಲ್ಲ. ಅವಳಿಗೆ ಹಿಗ್ಗೇನೂ ಆಗಲಿಲ್ಲ. ಹೊಟ್ಟೆಯೊಳಗೆ ತಣ್ಣಗೆ ನೆಮ್ಮದಿಯೊಂದು ಬಂದು ಕೂತಿತು, ಅಷ್ಟೇ.

ಊಟಕ್ಕೆ ಎಲೆ ಹಾಕಿದಾಗ ಕೆಂಪಪ್ಪ ಮುಖ ಊದಿಸಿಕೊಂಡೇ ಕೂತ. ಗುತ್ಯಪ್ಪ ನಗುತ್ತ ಸರವನ್ನು ಅಕ್ಕನ ಕೊರಳಿಗೆ ಹಾಕಲು ಬಂದ. ಬೆರಳಿಗೆ ನಾರು ತಾಗಿತು. ಎತ್ತಿ ನೋಡಿದ. ನಗು ಅಲ್ಲೇ ಸತ್ತಿತು.

“ನಾನು ಗೆಲ್ಲಲೇ ಇಲ್ಲ. ನೀನು ಬಿಟ್ಟುಕೊಟ್ಟೆ.”

“ಹೌದು ಕಣೋ.”

ಕೆಂಪಪ್ಪನ ಕೈ ಎಲೆಯ ಮೇಲೇ ನಿಂತಿತು. “ಇಬ್ರ ಮರ್ಯಾದೆನೂ ಮಣ್ಣುಪಾಲು ಮಾಡಿದ್ಯಲ್ಲೇ!”

“ಇದಕ್ಕಿಂತ ಕಾಲು ಮುರ್ಕೊಂಡಿದ್ರೇ ಚೆನ್ನಾಗಿತ್ತು” ಎಂದು ಗುತ್ಯಪ್ಪ ಸರ ಎಸೆದು, ಉಣ್ಣದೆ ಹೊರಟೇಬಿಟ್ಟ.

ಹೂವಮ್ಮ ಬಾಗಿಲಿಗೆ ಬಂದಳು. ಕರೆಯಲಿಲ್ಲ. ತಮ್ಮ ಧೂಳೆಬ್ಬಿಸುತ್ತ ದಾಪುಗಾಲು ಹಾಕುತ್ತಿದ್ದ. ತಿರುಗಿ ನೋಡಲಿಲ್ಲ. ಎರಡು ಕಾಲೂ ನೆಟ್ಟಗೆ ಊರುತ್ತಿದ್ದವು. ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಆ ಕಾಲುಗಳನ್ನೇ ನೋಡಿದಳು.

ಒಳಗೆ ಬಂದು, ಗಂಡ ಕೆಂಡದಂಥ ಕಣ್ಣು ಬಿಡುತ್ತಿರುವಾಗಲೇ, ತಮ್ಮನಿಗೆ ಹಾಕಿದ್ದ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಂಡಳು.